ರಾಕ್ ಉಳಿಯಿತು, ರೋಲ್ ಎಲ್ಲಿ ಹೋಯಿತು?

ನಮ್ಮಲ್ಲಿ ಈಗ ಯಾರು ಬೇಕಾದರೂ ‘ರಾಕ್’ ಮಾಡಬಹುದು. ಕಾಲೇಜು ಡೇಯಲ್ಲಿ ಮೈಕ್ ಹಿಡಿದ ಹುಡುಗಿ ‘ಏನ್ ರಾಕ್ ಮಾಡಿದ್ರಿ ಗುರೂ’ ಅನ್ನುತ್ತಾಳೆ. ಆಟೋದ ಬೆನ್ನ ಮೇಲೆ ‘ರಾಕಿಂಗ್ ಸ್ಟಾರ್’ ಯಶ್ ನಿಂತಿರುತ್ತಾರೆ. ಬಜೆಟ್ ಓದಿ ಕುಳಿತ ಮಂತ್ರಿಯನ್ನೂ ಅಭಿಮಾನಿಗಳು ರಾಕ್‌ಸ್ಟಾರ್ ಮಾಡಿಬಿಡುತ್ತಾರೆ. ಹಾಡೂ ಬೇಡ, ಗಿಟಾರೂ ಬೇಡ. ಆದರೆ ‘ಸಖತ್ ರೋಲ್ ಮಾಡಿದೆ’ ಎಂದು ಯಾರೂ ಬೆನ್ನು ತಟ್ಟುವುದಿಲ್ಲ. ರೋಲ್ ಅಂದರೆ ನಮಗೆ ಎಗ್ ರೋಲ್, ಇಲ್ಲವೇ ರೋಲ್ ನಂಬರ್. ಜೋಡಿಯಾಗಿ ಹುಟ್ಟಿದ ಪದಗಳಲ್ಲಿ ಒಂದು ಲೋಕವೆಲ್ಲ ಮೆರೆಯಿತು, ಇನ್ನೊಂದು ನಡುದಾರಿಯಲ್ಲೇ ಇಳಿದುಹೋಯಿತು. ಅದು ಇಳಿದಾಗ ಜೊತೆಗೆ ಯಾರು ಯಾರು ಇಳಿದರು ಎನ್ನುವುದೇ ನನಗೆ ಕುತೂಹಲ.

ಈ ರಾಕ್‌ಗೂ ಬಂಡೆಗೂ ನೆಂಟಸ್ತಿಕೆಯಿಲ್ಲ. ಇದು ತೊಟ್ಟಿಲು ತೂಗುವ ರಾಕ್. ರೋಲ್ ಅಂದರೆ ಹೊರಳು. ಹಡಗು ಅಲೆಗಳ ಮೇಲೆ ಹೊಯ್ದಾಡುವುದಕ್ಕೆ ನಾವಿಕರು ಎರಡನ್ನೂ ಕೂಡಿಸಿ ಹೇಳುತ್ತಿದ್ದರು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಭಕ್ತಿ ಉಕ್ಕಿ ಮೈ ತೂಗಾಡುವುದಕ್ಕೂ ರಾಕ್ ಎನ್ನುತ್ತಿದ್ದರು. ಅದೇ ಜನರ ಶನಿವಾರ ರಾತ್ರಿಯ ಪಡಖಾನೆಗಳಲ್ಲಿ ಅದಕ್ಕೆ ಹಾಸಿಗೆಯ ಅರ್ಥ. 1922ರಲ್ಲಿ ಟ್ರಿಕ್ಸಿ ಸ್ಮಿತ್ ಹಾಡಿದ ಬ್ಲೂಸ್ ರೆಕಾರ್ಡೊಂದರ ಹೆಸರಿನಲ್ಲೇ ರಾಕ್, ರೋಲ್ ಎರಡೂ ಇವೆ. ಅಲ್ಲಿ ಹಡಗೂ ಇಲ್ಲ, ದೇವರೂ ಇಲ್ಲ. ಶನಿವಾರಕ್ಕೊಂದು ಅರ್ಥ, ಭಾನುವಾರಕ್ಕೊಂದು. ಅಕ್ಕನ ವಚನ ಓದಿಕೊಂಡ ನಮಗಂತೂ ಇದು ವಿಚಿತ್ರ ಅನ್ನಿಸಬಾರದು.

ಈ ಎರಡೂ ಅರ್ಥಗಳ ನಡುವಿನ ಹೊಸ್ತಿಲ ಮೇಲೆ ಗಿಟಾರ್ ಹಿಡಿದು ನಿಂತವಳು ಸಿಸ್ಟರ್ ರೊಸೆಟ್ಟಾ ಥಾರ್ಪ್. ಅರ್ಕಾನ್ಸಾ ರಾಜ್ಯದಲ್ಲಿ 1915ರಲ್ಲಿ ಹುಟ್ಟಿ, ಧರ್ಮಬೋಧಕಿ ತಾಯಿಯ ಜೊತೆ ಹಾಡುತ್ತಲೇ ಬೆಳೆದವಳು. 1938ರಲ್ಲಿ ‘ರಾಕ್ ಮಿ’ ಎಂಬ ಭಕ್ತಿಗೀತೆಯನ್ನು ರೆಕಾರ್ಡ್ ಮಾಡಿದಳು. ದೇವರ ಹಾಡನ್ನು ನೈಟ್‌ಕ್ಲಬ್ಬಿಗೂ ಒಯ್ದಳೆಂದು ಚರ್ಚಿನವರು ಮುನಿಸಿಕೊಂಡರು, ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ‘ಬಿಲ್‌ಬೋರ್ಡ್’ ಪತ್ರಿಕೆಯ ವಿಮರ್ಶಕನೊಬ್ಬ 1942ರಲ್ಲೇ ಆಕೆಯ ಗಾಯನಕ್ಕೆ ರಾಕ್ ಅಂಡ್ ರೋಲ್ ಎಂಬ ಮಾತು ಬಳಸಿದ್ದ. ಎಲ್ವಿಸ್ ಪ್ರೆಸ್ಲಿಗೆ ಆಗ ಏಳು ವರ್ಷ. ಜಾರ್ಜಿಯಾದ ಮೇಕನ್ ಊರಿನಲ್ಲಿ 1947ರಲ್ಲಿ ಆಕೆಯ ಕಚೇರಿ ನಡೆದಾಗ ಹದಿನಾಲ್ಕರ ಹುಡುಗನೊಬ್ಬನನ್ನು ವೇದಿಕೆಗೆ ಕರೆದು ಹಾಡಿಸಿ ಕೈಗೆ ದುಡ್ಡು ಕೊಟ್ಟಳು. ಅದೇ ಹುಡುಗ ಮುಂದೆ ಲಿಟಲ್ ರಿಚರ್ಡ್ ಆದ. ಬಸ್ ನಿಲ್ದಾಣದಲ್ಲಿ ತಟ್ಟೆ ತೊಳೆದುಕೊಂಡಿದ್ದ ಅವನು 1955ರಲ್ಲಿ ನ್ಯೂ ಆರ್ಲಿಯನ್ಸಿನ ಸ್ಟುಡಿಯೋದಲ್ಲಿ ‘ಟುಟ್ಟಿ ಫ್ರುಟ್ಟಿ’ ಎಂದು ಕೂಗಿದಾಗ ಲೋಕ ಕಿವಿ ನಿಮಿರಿಸಿತು. ಆ ಹಾಡಿನ ಮೂಲ ಸಾಲುಗಳು ಶನಿವಾರದ ಅರ್ಥದವು. ರೇಡಿಯೋಗೆ ತಕ್ಕಂತೆ ತೊಳೆದು ಕೊಟ್ಟವಳು ಡೊರೊತಿ ಲಬೊಸ್ಟ್ರಿ.

ಆದರೂ ಹೆಸರಿಟ್ಟ ಕೀರ್ತಿ ಹೋದದ್ದು ಬಿಳಿಯ ಅಲನ್ ಫ್ರೀಡ್‌ಗೆ. 1951ರಲ್ಲಿ ಕ್ಲೀವ್‌ಲ್ಯಾಂಡಿನ ರೇಡಿಯೋದಲ್ಲಿ ನಡುರಾತ್ರಿ ಕಪ್ಪು ಗಾಯಕರ ರೆಕಾರ್ಡುಗಳನ್ನು ಹಾಕುತ್ತಿದ್ದ. ಅಂಥ ರೆಕಾರ್ಡುಗಳನ್ನು ‘ಬಿಲ್‌ಬೋರ್ಡ್’ ಮೊದಲು ‘ರೇಸ್’ ಎಂಬ ಪಟ್ಟಿಯಲ್ಲಿಟ್ಟಿತ್ತು. 1949ರಲ್ಲಷ್ಟೇ ಅದನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಿಸಿತು. ಆ ಹೆಸರು ಕೇಳಿದರೂ ಹಾಡಿದವನ ಬಣ್ಣ ಗೊತ್ತಾಗುತ್ತಿತ್ತು. ರಾಕ್ ಅಂಡ್ ರೋಲ್ ಅಂದರೆ ಗೊತ್ತಾಗದು. ಅದೇ ಅದರ ಲಾಭ. ಫ್ರೀಡ್ ತನ್ನನ್ನು ‘ಮೂನ್‌ಡಾಗ್’ ಎಂದು ಕರೆದುಕೊಳ್ಳುತ್ತಿದ್ದ. ನ್ಯೂಯಾರ್ಕಿಗೆ ಬಂದಾಗ, ಅದೇ ಹೆಸರಿನಿಂದ ಬೀದಿಯಲ್ಲಿ ನುಡಿಸುತ್ತಿದ್ದ ಕಣ್ಣಿಲ್ಲದ ಸಂಗೀತಗಾರನೊಬ್ಬ ಕೋರ್ಟಿಗೆ ಹೋಗಿ ಗೆದ್ದ. ಹಳೆಯ ಹೆಸರು ಕೈಬಿಟ್ಟು ಹೋದ ಮೇಲೆಯೇ ಕಾರ್ಯಕ್ರಮಕ್ಕೆ ರಾಕ್ ಅಂಡ್ ರೋಲ್ ಎಂಬ ಬೋರ್ಡು ಬಿದ್ದದ್ದು.

ಆತನನ್ನು ಬರೀ ಠಕ್ಕ ಅನ್ನುವುದು ಅನ್ಯಾಯ. ಬಿಳಿಯ ಪ್ಯಾಟ್ ಬೂನ್ ‘ಟುಟ್ಟಿ ಫ್ರುಟ್ಟಿ’ಯನ್ನು ಇಸ್ತ್ರಿ ಹಾಕಿ ಹಾಡಿದಾಗ, ಫ್ರೀಡ್ ಮೂಲ ಗಾಯಕರ ಪರ ನಿಂತವನು. ಆದರೆ ಚಕ್ ಬೆರ್‍ರಿಯ ಮೊದಲ ಹಿಟ್ ‘ಮೇಬಲೀನ್’ (1955) ರೆಕಾರ್ಡಿನ ಮೇಲೆ ಸಹಲೇಖಕನಾಗಿ ಫ್ರೀಡ್ ಹೆಸರಿದೆ, ಅವನು ಅದರಲ್ಲಿ ಒಂದಕ್ಷರವನ್ನೂ ಬರೆಯದಿದ್ದರೂ. ರೇಡಿಯೋದಲ್ಲಿ ಹಾಕಿದ್ದಕ್ಕೆ ಸಂದ ದಕ್ಷಿಣೆ ಅದು. ಲಂಚದ ಹಗರಣದಲ್ಲಿ ಕೆಲಸ ಕಳೆದುಕೊಂಡು ಆತ 1965ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 43. ಇತ್ತ 1949ರಿಂದಲೇ ಪಿಯಾನೊ ಕುಟ್ಟಿ ಹಾಡುತ್ತಿದ್ದ ಫ್ಯಾಟ್ಸ್ ಡಾಮಿನೊ ಮಾತ್ರ, ನಾವು ನ್ಯೂ ಆರ್ಲಿಯನ್ಸಿನಲ್ಲಿ ಬಹಳ ಹಿಂದಿನಿಂದ ನುಡಿಸುತ್ತಿರುವುದಕ್ಕೇ ಈಗ ಈ ಹೆಸರು ಎಂದು ತಣ್ಣಗೆ ಹೇಳುತ್ತಿದ್ದ.

ಅರವತ್ತರ ದಶಕದಲ್ಲಿ ಪದಕ್ಕೆ ಕತ್ತರಿ ಬಿತ್ತು. ಬ್ರಿಟಿಷ್ ತಂಡಗಳು ಬಂದವು, ಗಂಭೀರ ಆಲ್ಬಮ್ಮುಗಳು ಬಂದವು, ಸಂಗೀತ ಬರೀ ‘ರಾಕ್’ ಆಯಿತು. ಬಿಳಿಯರದ್ದು ರಾಕ್, ಕಪ್ಪು ಜನರದ್ದು ‘ಸೋಲ್’ ಎಂದು ಅಂಗಡಿಯ ಕಪಾಟುಗಳೂ ಬೇರೆಯಾದವು. ರೋಲ್ ಉಳಿಸಿಕೊಂಡ ಹಳೆಯ ಜೋಡಿಪದ ಹದಿನೈದೇ ವರ್ಷದಲ್ಲಿ ನೆನಪಿನ ಸರಕಾಯಿತು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್‌ಗೆ ಮುಂಚೆ ಷಾ ನಾ ನಾ ಎಂಬ ಹುಡುಗರ ತಂಡ ತಲೆಗೆ ಎಣ್ಣೆ ಮೆತ್ತಿಕೊಂಡು ಐವತ್ತರ ದಶಕದ ಹಾಡುಗಳನ್ನು ತಮಾಷೆಯಾಗಿ ಹಾಡಿತು. ಅಷ್ಟರಲ್ಲೇ ಅದು ವೇಷ ಹಾಕಿ ಆಡುವ ಹಳೆಯ ಕಾಲವಾಗಿತ್ತು! ಐರನ್ ಮೇಡನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ತಂದದ್ದು ಕತ್ತರಿ ಬಿದ್ದ ಮೇಲಿನ ರಾಕ್. ಉದ್ದ ಕೂದಲು, ಕಪ್ಪು ಟೀ ಶರ್ಟು. ರಾಕ್ ಎಂಬ ಮಾತು ಕೇಳಿದೊಡನೆ ಕೋಟು ತೊಟ್ಟ ಹೆಂಗಸೊಬ್ಬಳು ನಮ್ಮ ಕಣ್ಣ ಮುಂದೆ ಬರುವುದಿಲ್ಲ.

ಬರಬೇಕಿತ್ತು. 1964ರ ಮೇ ತಿಂಗಳು, ಮ್ಯಾಂಚೆಸ್ಟರಿನ ಒಂದು ಪಾಳು ರೈಲು ನಿಲ್ದಾಣ. ಟಿವಿ ಕಾರ್ಯಕ್ರಮಕ್ಕಾಗಿ ಒಂದು ಪ್ಲಾಟ್‌ಫಾರ್ಮಿನಲ್ಲಿ ಪ್ರೇಕ್ಷಕರು, ಹಳಿಗಳಾಚೆಯದರಲ್ಲಿ ಕಲಾವಿದರು. ಜೋರು ಮಳೆ. ರೊಸೆಟ್ಟಾ ಥಾರ್ಪ್ ಕುದುರೆಗಾಡಿಯಿಂದ ಇಳಿಯುತ್ತಾಳೆ, ಮೈಮೇಲೆ ಉದ್ದ ಕೋಟು. ಬಿಳಿಯ ಗಿಬ್ಸನ್ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ, ಮಳೆಗೆ ಒಪ್ಪುವ ಹಾಡನ್ನೇ ಎತ್ತಿಕೊಳ್ಳುತ್ತಾಳೆ. ನಡುವೆ ಹಾಡು ನಿಲ್ಲಿಸಿ ಒಂಟಿ ತಂತಿಗಳ ಮೇಲೆ ಬೆರಳಾಡಿಸಿದಾಗ, ಐವತ್ತು ದಾಟದ ಆ ಹೆಂಗಸು ಚಕ್ ಬೆರ್‍ರಿಗೂ ಎಲ್ವಿಸ್‌ಗೂ ಹಿರಿಯಕ್ಕ ಎಂದು ಬೇರೆ ಹೇಳಬೇಕಾಗಿಲ್ಲ. ರಾಕೂ ಇದೆ, ರೋಲೂ ಇದೆ, ಶನಿವಾರವೂ ಭಾನುವಾರವೂ ಇದೆ. ಆ ದೃಶ್ಯ ಯೂಟ್ಯೂಬಿನಲ್ಲಿ ಸಿಗುತ್ತದೆ.

ಫಿಲಡೆಲ್ಫಿಯಾದಲ್ಲಿ 1973ರಲ್ಲಿ ತೀರಿಕೊಂಡ ಆಕೆಯ ಸಮಾಧಿಗೆ ಮೂವತ್ತು ವರ್ಷ ದಾಟಿದರೂ ಹೆಸರಿನ ಕಲ್ಲು ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅಲನ್ ಫ್ರೀಡ್ 1986ರ ಮೊದಲ ಪಟ್ಟಿಯಲ್ಲೇ ಸೇರಿದ. ರೊಸೆಟ್ಟಾ ಥಾರ್ಪ್ ಸೇರಿದ್ದು 2018ರಲ್ಲಿ.