ಮೋಡ ಬಿತ್ತನೆ ಎಂದರೇನು? ನಂಜನಗೂಡು, ತಿ.ನರಸೀಪುರಕ್ಕೆ ಇದರಿಂದ ಎಷ್ಟು ಲಾಭ?

ನಂಜನಗೂಡು/ತಿ.ನರಸೀಪುರ: ಮಳೆ ಕೈಕೊಟ್ಟ ವರ್ಷವೆಲ್ಲ ಗೊಬ್ಬರದ ಅಂಗಡಿ ಮುಂದೆ, ಟೀ ಅಂಗಡಿ ಬೆಂಚಿನ ಮೇಲೆ ಒಂದೇ ಮಾತು: ‘ಸರ್ಕಾರ ಮೋಡ ಬಿತ್ತನೆ ಮಾಡಿಸಬಾರ್ದಾ?’ ಕೇಳುವುದರಲ್ಲಿ ತಪ್ಪೇನಿಲ್ಲ. ಮಳೆ ಇಲ್ಲ ಅಂದ್ರೆ ರೈತ ಬೀಜ ಕೊಳ್ಳಲ್ಲ, ಅಂಗಡಿಯ ಹಳೇ ಬಾಕಿ ತೀರಲ್ಲ, ಹಬ್ಬಕ್ಕೆ ಬಟ್ಟೆ ವ್ಯಾಪಾರವೂ ಆಗಲ್ಲ. ಆದರೆ ಮೋಡ ಬಿತ್ತನೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿದ್ದರೆ ಕೇಳುವ ಪ್ರಶ್ನೆಯೂ ಸರಿಯಾಗಿರುತ್ತದೆ.

ಹೇಗೆ ಮಾಡುತ್ತಾರೆ?

ಮೋಡವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳ ಗುಂಪು. ಒಂದು ಹನಿಯ ಅಗಲ ಮಿಲಿಮೀಟರಿನ 50ರಲ್ಲಿ ಒಂದು ಭಾಗದಷ್ಟು. ಇಂಥ ಸುಮಾರು 10 ಲಕ್ಷ ಹನಿಗಳು ಕೂಡಿದರೆ ನೆಲಕ್ಕೆ ಬೀಳುವಂಥ ಒಂದು ಮಳೆಹನಿ. ಎಷ್ಟೋ ಮೋಡಗಳಲ್ಲಿ ನೀರಿದ್ದರೂ ಹನಿಗಳು ಕೂಡಿಕೊಳ್ಳುವುದಿಲ್ಲ. ಮೋಡ ಹಾಗೇ ತೇಲಿ ಹೋಗುತ್ತದೆ.

ಈ ಕೂಡಿಕೆಗೆ ಹೊರಗಿನಿಂದ ಸಹಾಯ ಮಾಡುವುದೇ ಬಿತ್ತನೆ. ಬೆಚ್ಚಗಿನ ಮೋಡವಾದರೆ ವಿಮಾನವು ಮೋಡದ ಬುಡದಲ್ಲಿ ಹಾರುತ್ತಾ ಕ್ಯಾಲ್ಸಿಯಂ ಕ್ಲೋರೈಡ್‌ನಂಥ ಉಪ್ಪಿನ ಹೊಗೆ ಬಿಡುತ್ತದೆ. ಉಪ್ಪು ತೇವ ಹೀರಿ ದೊಡ್ಡ ಹನಿಯಾಗುತ್ತದೆ, ಬೀಳುವಾಗ ಸಣ್ಣ ಹನಿಗಳನ್ನು ಸೇರಿಸಿಕೊಳ್ಳುತ್ತದೆ. ಮುಂಗಾರಿನಲ್ಲಿ ಸುಮಾರು 5 ಕಿ.ಮೀ.ಗಿಂತ ಮೇಲೆ ಬೆಳೆದ ಮೋಡದ ತಲೆಭಾಗದಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದರೂ ಹೆಪ್ಪುಗಟ್ಟದ ನೀರಿರುತ್ತದೆ. ಅಲ್ಲಿಗೆ ಸಿಲ್ವರ್ ಅಯೋಡೈಡ್ ಹಾಕುತ್ತಾರೆ. ಅದರ ಕಣದ ಸುತ್ತ ನೀರು ಮಂಜುಗಡ್ಡೆಯಾಗಿ ಬೆಳೆದು, ಕೆಳಗಿಳಿಯುತ್ತಾ ಕರಗಿ ಮಳೆಯಾಗುತ್ತದೆ.

ವಿದ್ಯೆ ಹಳೆಯದೇ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ವಿಮಾನದಿಂದ ಮೋಡಕ್ಕೆ ಡ್ರೈ ಐಸ್ ಸುರಿದು ಮೊದಲ ಪ್ರಯೋಗ ಮಾಡಿದರು. ಸಿಲ್ವರ್ ಅಯೋಡೈಡ್ ಕೂಡ ಈ ಕೆಲಸಕ್ಕೆ ಆಗುತ್ತದೆ ಎಂದು ಕಂಡುಕೊಂಡವರು ಅವರ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್.

ಮೋಡವೇ ಇಲ್ಲದಿದ್ದರೆ?

ಆಗ ಏನೂ ಆಗಲ್ಲ. ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ, ಇರುವ ಮೋಡದಿಂದ ಸ್ವಲ್ಪ ಹೆಚ್ಚು ನೀರು ಇಳಿಸಲು ನೋಡುತ್ತದೆ, ಅಷ್ಟೇ. 2025ರ ಅಕ್ಟೋಬರ್ 28ರಂದು ಹೊಗೆ ತಗ್ಗಿಸಲು ದೆಹಲಿಯಲ್ಲಿ ಐಐಟಿ ಕಾನ್ಪುರ ತಂಡ ಬಿತ್ತನೆ ಮಾಡಿತು. ಮೋಡದಲ್ಲಿ ತೇವಾಂಶ ತೀರಾ ಕಡಿಮೆಯಿದ್ದುದರಿಂದ ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ಬರಗಾಲದ ತೊಡಕು ಇದೇ: ಮಳೆ ಬಹಳ ಬೇಕಾದ ದಿನಗಳಲ್ಲೇ ಬಿತ್ತನೆಗೆ ತಕ್ಕ ಮೋಡ ಸಿಗುವುದು ಕಡಿಮೆ.

ಕರ್ನಾಟಕದಲ್ಲಿ ಏನಾಯ್ತು?

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 2003ರಲ್ಲಿ ‘ಪ್ರಾಜೆಕ್ಟ್ ವರುಣ’ ನಡೆಯಿತು. 2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರಿ’ ಆರಂಭವಾಯಿತು. ಆಗ ಗ್ರಾಮೀಣಾಭಿವೃದ್ಧಿ ಸಚಿವರು ಎಚ್.ಕೆ. ಪಾಟೀಲ, ಯೋಜನೆಯ ಮೊತ್ತ ಸುಮಾರು 35 ಕೋಟಿ ರೂ. 2019ರಲ್ಲಿ ಹುಬ್ಬಳ್ಳಿಯಿಂದ ಮತ್ತೆ ವಿಮಾನ ಹಾರಿತು. 2023ರ ಬರದಲ್ಲಿ ರಾಣೆಬೆನ್ನೂರು ಶಾಸಕ ಪ್ರಕಾಶ ಕೋಳಿವಾಡ ತಮ್ಮ ಭಾಗದಲ್ಲಿ ಬಿತ್ತನೆ ಮಾಡಿಸಿದರು.

ಬಿತ್ತನೆಯಿಂದ ಬಂದ ಮಳೆ ಎಷ್ಟು, ತಾನಾಗೇ ಬರುತ್ತಿದ್ದದ್ದು ಎಷ್ಟು? ಅಳೆಯುವುದು ಸುಲಭವಲ್ಲ. 2017ರಲ್ಲಿ ವಿಮಾನ ಹಾರುವ ಆರು ದಿನ ಮೊದಲೇ, ಆಗಸ್ಟ್ 15ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಭಾರಿ ಮಳೆ ಸುರಿದಿತ್ತು. ಅದೇ ಮಳೆ ವಾರ ತಡವಾಗಿ ಬಂದಿದ್ದರೆ ಹೆಸರು ವಿಮಾನಕ್ಕೆ ಹೋಗುತ್ತಿತ್ತು!

ಸೊಲ್ಲಾಪುರದ ಲೆಕ್ಕ

ವಿಜಯಪುರಕ್ಕೆ ಹತ್ತಿರದ, ನಮ್ಮಂತೆಯೇ ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಸೊಲ್ಲಾಪುರದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ಪರೀಕ್ಷೆ ನಡೆಸಿತು. ಕೆಲವು ಮೋಡಗಳಿಗೆ ಬಿತ್ತನೆ ಮಾಡಿ, ಕೆಲವನ್ನು ಹಾಗೇ ಬಿಟ್ಟು ಹೋಲಿಸಿದರು. ಬಿತ್ತಿದ ಜಾಗದಿಂದ ಗಾಳಿ ಬೀಸುವ ದಿಕ್ಕಿನ 100 ಚದರ ಕಿ.ಮೀ.ನಲ್ಲಿ ಸುಮಾರು 18% ಹೆಚ್ಚು ಮಳೆ ಕಂಡುಬಂತು. ನೀರಿನ ವೆಚ್ಚ ಲೀಟರಿಗೆ 18 ಪೈಸೆ ಎಂದು ಸಂಸ್ಥೆ ಲೆಕ್ಕ ಹಾಕಿತು.

ಇದನ್ನು ನಮ್ಮ ಹೊಲಕ್ಕೆ ಇಳಿಸಿ ನೋಡಿ. 50 ಮಿ.ಮೀ. ಮಳೆಯಾಗುವಲ್ಲಿ 18% ಅಂದರೆ 9 ಮಿ.ಮೀ. ಹೆಚ್ಚು. ಒಂದು ಎಕರೆ ಮೇಲೆ ಅದು ಸುಮಾರು 36 ಸಾವಿರ ಲೀಟರ್, ಅಂದರೆ 5,000 ಲೀಟರಿನ ಏಳು ಟ್ಯಾಂಕರ್ ನೀರು. ಒಣಗುತ್ತಿರುವ ರಾಗಿಗೆ ಇದು ಸಣ್ಣದಲ್ಲ. ಆದರೆ ಲೀಟರಿಗೆ 18 ಪೈಸೆಯಂತೆ ಎಕರೆಗೆ ಸುಮಾರು 6,500 ರೂ. ಆಯಿತು. ಜೊತೆಗೆ ಮಳೆ ಹೊಲ ನೋಡಿ ಬೀಳಲ್ಲ; ರಸ್ತೆ, ಬಂಡೆ, ಬೀಳು ಎಲ್ಲಕ್ಕೂ ಬೀಳುತ್ತದೆ.

ನಮ್ಮ ತಾಲ್ಲೂಕುಗಳ ಸ್ಥಿತಿ

ನಾಲೆ ನೀರಿನ ಊರುಗಳಿಗೆ ಊರ ಮೇಲಿನ ಮೋಡವೇ ದಿಕ್ಕಲ್ಲ. ಬೀಚನಹಳ್ಳಿಯ 19.52 ಟಿಎಂಸಿ ಸಾಮರ್ಥ್ಯದ ಕಬಿನಿ ಜಲಾಶಯ ತುಂಬುವುದು ಕೇರಳದ ವಯನಾಡಿನಲ್ಲಿ ಮಳೆಯಾದರೆ. ತಿ.ನರಸೀಪುರದ ಸಂಗಮದಲ್ಲಿ ಕಪಿಲೆಯನ್ನು ಕೂಡುವ ಕಾವೇರಿಗೆ ಕೊಡಗಿನ ಮಳೆಯೇ ಬಲ. 2018, 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆ ಮುಳುಗಿದ್ದೂ ವಯನಾಡಿನಿಂದ ಬಂದ ನೀರಿನಿಂದಲೇ, ಬಿತ್ತನೆಯಿಂದಲ್ಲ.

ಮೋಡ ನಂಬಿ ಬದುಕುವುದು ನಾಲೆ ತಲುಪದ ಊರುಗಳು, ದೊಡ್ಡಕವಲಂದೆ ಹೋಬಳಿ ಕಡೆಯ ಖುಷ್ಕಿ ಜಮೀನುಗಳು. ಬಿತ್ತನೆಯಿಂದ ಏನಾದರೂ ಉಪಯೋಗ ಆಗಬೇಕಿದ್ದರೆ ಇಲ್ಲಿಗೇ ಆಗಬೇಕು. ಹೆಚ್ಚಾಗಿ ಬಂದ 9 ಮಿ.ಮೀ. ಉಳಿಯುವುದು ಮಾತ್ರ ಬದು, ಕೃಷಿ ಹೊಂಡ, ಹೂಳು ತೆಗೆದ ಕೆರೆ ಇದ್ದರೆ. ಇಲ್ಲದಿದ್ದರೆ ದುಡ್ಡು ಕೊಟ್ಟು ತರಿಸಿದ ನೀರೂ ಹಳ್ಳದ ಪಾಲು.

ವಿಷವಾಗುತ್ತದೆಯೇ?

ಸಿಲ್ವರ್ ಅಯೋಡೈಡ್ ನೀರಿನಲ್ಲಿ ಬಹುತೇಕ ಕರಗುವುದಿಲ್ಲ, ಬಳಸುವ ಪ್ರಮಾಣವೂ ತೀರಾ ಕಡಿಮೆ. ಈ ಮಟ್ಟದ ಬಳಕೆಯಿಂದ ಬೆಳೆ, ದನಕರುಗಳಿಗೆ ಹಾನಿಯಾದದ್ದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಮುಂದೆ ಬಿತ್ತನೆ ಘೋಷಣೆಯಾದರೆ ಕೇಳಬೇಕಾದ್ದು

* ನಮ್ಮ ತಾಲ್ಲೂಕು ರಾಡಾರ್ ವ್ಯಾಪ್ತಿಯಲ್ಲಿದೆಯೇ? ರಾಡಾರ್ ಇಲ್ಲದೆ ತಕ್ಕ ಮೋಡ ಹುಡುಕುವುದು ಕಷ್ಟ.
* ಹಾರಾಟ ಯಾವಾಗ? ಟೆಂಡರ್ ಮುಗಿಯುವಷ್ಟರಲ್ಲಿ ಮೋಡದ ಕಾಲ ಮುಗಿದಿದ್ದರೆ ಪ್ರಯೋಜನವಿಲ್ಲ.
* ಫಲಿತಾಂಶ ಅಳೆಯುವವರು ಯಾರು? ಗುತ್ತಿಗೆ ಪಡೆದ ಕಂಪನಿಯೇ ಲೆಕ್ಕ ಕೊಟ್ಟರೆ ಸಾಲದು.
* ಅಷ್ಟೇ ಹಣದಲ್ಲಿ ಎಷ್ಟು ಕೆರೆಗಳ ಹೂಳು ತೆಗೆಯಬಹುದು?

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಎಲ್ಲಿ ಎಷ್ಟು ಮಳೆ ಬಿತ್ತು ಎಂಬುದನ್ನು ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ವಿಚಾರಿಸಬಹುದು. ವಿಮಾನ ಹಾರಿದ ದಿನದ ಲೆಕ್ಕವನ್ನು ಅಕ್ಕಪಕ್ಕದ ಪಂಚಾಯಿತಿಗಳ ಲೆಕ್ಕದ ಜೊತೆ ಇಟ್ಟು ನೋಡಿದರೆ, ಕೇಳುವ ಪ್ರಶ್ನೆಗೆ ಒಂದು ಆಧಾರ ಸಿಗುತ್ತದೆ.