ಗಡಿಯಾರ ಹಿಡಿದವನ ಲೆಕ್ಕ

ಅಮೆರಿಕದ ಬೋಸ್ಟನ್ ನಗರದ ಮಗ್ಗುಲಲ್ಲಿರುವ ವಾಟರ್‌ಟೌನ್‌ನಲ್ಲಿ ಸೈನ್ಯಕ್ಕೆ ಸೇರಿದ ಒಂದು ಶಸ್ತ್ರಾಸ್ತ್ರ ಕಾರ್ಖಾನೆಯಿತ್ತು. ಕಡಲತೀರದ ಫಿರಂಗಿಗಳನ್ನು ಕೂರಿಸುವ ಭಾರಿ ಗಾಡಿಗಳು ಅಲ್ಲಿ ತಯಾರಾಗುತ್ತಿದ್ದವು. 1911ರ ಆಗಸ್ಟ್ 11ರಂದು ಅಲ್ಲಿನ ಫೌಂಡ್ರಿಯ ಜೋಸೆಫ್ ಕೂನಿ ಎಂಬ ಮೋಲ್ಡರ್ (ಎರಕಕ್ಕೆ ಮರಳಿನ ಅಚ್ಚು ಕಟ್ಟುವವನು), ತನ್ನ ಕೆಲಸವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯಲು ಬಿಡುವುದಿಲ್ಲ ಎಂದ. ಅವನನ್ನು ಕೆಲಸದಿಂದ ತೆಗೆದರು. ಉಳಿದ ಮೋಲ್ಡರ್‌ಗಳೂ ಅವನ ಹಿಂದೆಯೇ ಹೊರಟರು. ವಿಚಾರಣೆ ನಡೆಸುತ್ತೇವೆಂಬ ಭರವಸೆ ಸಿಕ್ಕಿ ಅವರು ವಾಪಸಾಗುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಹೊಸ ವಿಜ್ಞಾನಕ್ಕೆ ಹೆದರಿದ ಹಳೆಯ ಕಸುಬುದಾರರ ಮೊಂಡಾಟ ಎಂದು ಈ ಪ್ರಸಂಗವನ್ನು ಬದಿಗೆ ಸರಿಸಿಬಿಡುವ ರೂಢಿಯಿದೆ. ಮೋಲ್ಡರ್‌ಗಳ ಕಡೆಯವರು ಇದನ್ನು ಮಾನದ ಪ್ರಶ್ನೆಯಾಗಿ ಹೇಳುತ್ತಾರೆ. ತಮ್ಮ ಮನವಿಯಲ್ಲಿ ಅವರೇ ಇದನ್ನು ಅವಮಾನ ಎಂದು ಕರೆದಿದ್ದರು ಕೂಡ. ಇವೆರಡಕ್ಕಿಂತ ಮುಖ್ಯವಾದ ಮಾತೊಂದು ಉಳಿದುಹೋಗಿದೆ ಎಂದು ನನಗೆ ತೋರುತ್ತದೆ. ಶುದ್ಧ ತಾಂತ್ರಿಕ ಪ್ರಶ್ನೆಯೊಂದರಲ್ಲಿ ಆ ಮೋಲ್ಡರ್‌ಗಳ ಮಾತೇ ಸರಿಯಿತ್ತು. ಕೆಲಸದ ಸಮಯವನ್ನು ಗೊತ್ತುಮಾಡುವ ತಂತ್ರಜ್ಞನ ಕಸುಬು ಮುಂದಿನ ಐವತ್ತು ವರ್ಷಗಳಲ್ಲಿ ಆ ಮಾತನ್ನು ಕಂತುಕಂತಾಗಿ ಒಪ್ಪಿಕೊಳ್ಳಬೇಕಾಯಿತು.

ಅಂದು ಗಡಿಯಾರ ಹಿಡಿದು ನಿಂತವನು ಡ್ವೈಟ್ ಮೆರಿಕ್. ಯಂತ್ರಗಳ ಕೆಲಸ ಅಳೆಯುವುದರಲ್ಲಿ ಪಳಗಿದವನು, ಎರಕದ ಕೆಲಸದಲ್ಲಿ ಅವನಿಗೆ ಅಷ್ಟು ಅನುಭವವಿರಲಿಲ್ಲ. ಕೂನಿಯ ನಿರಾಕರಣೆಯ ಹಿಂದಿನ ದಿನ ಅವನು, ಹೊರೆ ಹೊರುವ ಹೇಸರಗತ್ತೆಯ ಜೀನಿನ ಒಂದು ಭಾಗಕ್ಕೆ ಅಚ್ಚು ಕಟ್ಟುವ ಕೆಲಸವನ್ನು ಅಳೆದು 24 ನಿಮಿಷ ಸಾಕು ಎಂದು ನಿರ್ಧರಿಸಿದ್ದ. ಅದೇ ಹೊತ್ತಿಗೆ ಜೊತೆಯ ಕೆಲಸಗಾರನೊಬ್ಬ ತನ್ನ ಸಾಧಾರಣ ಗಡಿಯಾರದಲ್ಲಿ ಸದ್ದಿಲ್ಲದೆ ಸಮಯ ನೋಡಿಕೊಂಡಿದ್ದ. ಅವನ ಪ್ರಕಾರ ಕೆಲಸಕ್ಕೆ ಹಿಡಿದದ್ದು ಸುಮಾರು 50 ನಿಮಿಷ. ಗಡಿಯಾರಗಳು ಸುಳ್ಳು ಹೇಳಿರಲಿಲ್ಲ. ನಡುವಿನ ಅಂತರ ಹುಟ್ಟಿದ್ದು ಮೆರಿಕ್‌ನ ತೀರ್ಮಾನದಿಂದ: ಯಾವ ಚಲನೆ ಅಗತ್ಯ, ಯಾವುದು ದಂಡ, ಮೋಲ್ಡರ್ ಎಷ್ಟು ನಿಧಾನಿಸುತ್ತಿದ್ದಾನೆ ಎಂಬುದನ್ನೆಲ್ಲ ಅವನೇ ಅಂದಾಜು ಮಾಡಿದ್ದ. ಮರಳಿನ ಅಚ್ಚು ಕಟ್ಟುವ ಕೆಲಸದಲ್ಲಿ ಹೊರಗಿನವನಿಗೆ ಅಂಥ ಅಂದಾಜು ಸುಲಭವಲ್ಲ. ಮರಳಿನ ತೇವ ದಿನದಿಂದ ದಿನಕ್ಕೆ ಬದಲಾಗುತ್ತದೆ. ಗಟ್ಟಿಯಾಗಿ ಕುಟ್ಟಿದರೆ ಅನಿಲ ಹೊರಹೋಗಲು ದಾರಿಯಿಲ್ಲದೆ ಎರಕದಲ್ಲಿ ತೂತು ಬೀಳುತ್ತದೆ, ಸಡಿಲ ಬಿಟ್ಟರೆ ಅಚ್ಚು ಉದುರುತ್ತದೆ. ಪ್ಯಾಟರ್ನ್ ಎತ್ತುವಾಗ ಅಂಚು ಮುರಿದರೆ ತಿದ್ದಬೇಕು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನೋಡುವವನಿಗೆ ಕೈ ತಡೆದಂತೆ ಕಾಣುವ ಕ್ಷಣದಲ್ಲಿ ಮೋಲ್ಡರ್ ಮರಳಿನ ಹದ ನೋಡುತ್ತಿರಬಹುದು.

ಮೆರಿಕ್‌ನ ಹಿಂದಿದ್ದ ಯೋಚನೆ ಫ್ರೆಡರಿಕ್ ಟೇಲರ್‌ನದು. ಅವನನ್ನು ಕಾರ್ಮಿಕದ್ವೇಷಿ ಎಂದು ಚಿತ್ರಿಸಿ ಮುಗಿಸುವುದು ಸುಲಭ, ಆದರೆ ಅದು ಅನ್ಯಾಯ. ಅವನು 1878ರಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಸೇರಿ, ಮೇಸ್ತ್ರಿಯಾಗಿ, ಮುಖ್ಯ ಇಂಜಿನಿಯರ್ ಹುದ್ದೆಯವರೆಗೆ ಏರಿದವನು. ಲೇತಿನ ಮೇಲೆ ಲೋಹ ಕತ್ತರಿಸುವ ವೇಗ ಯಾವುದರ ಮೇಲೆ ನಿಂತಿದೆ ಎಂದು ತಿಳಿಯಲು 26 ವರ್ಷ ಪ್ರಯೋಗ ನಡೆಸಿದ. ಎಂಟು ಲಕ್ಷ ಪೌಂಡಿಗೂ ಹೆಚ್ಚು ಉಕ್ಕು, ಕಬ್ಬಿಣ ಅದಕ್ಕಾಗಿ ಚೂರಾಯಿತು. ಉಳಿಯ ಆಕಾರ, ಕತ್ತರಿಸುವ ಆಳ, ಲೋಹದ ಗಡಸುತನ ಹೀಗೆ 12 ಅಂಶಗಳನ್ನು ಗುರುತಿಸಿದ; ಸಹೋದ್ಯೋಗಿ ಕಾರ್ಲ್ ಬಾರ್ತ್ ಅವನ್ನೆಲ್ಲ ಒಂದು ಸ್ಲೈಡ್ ರೂಲಿಗೆ ಇಳಿಸಿದ. 1906ರಲ್ಲಿ ಪ್ರಕಟವಾದ ಈ ಅಧ್ಯಯನ ನಿಜವಾದ ವಿಜ್ಞಾನ. ಇಂದಿನ ಸಿಎನ್‌ಸಿ ಯಂತ್ರದ ಮುಂದೆ ನಿಂತು ವೇಗ, ಫೀಡ್ ಆರಿಸುವ ಡಿಪ್ಲೊಮಾ ಹುಡುಗನೂ ಅದರ ಋಣದಲ್ಲಿದ್ದಾನೆ. 1909ರಿಂದ ಬಾರ್ತ್ ವಾಟರ್‌ಟೌನ್‌ನ ಯಂತ್ರಶಾಲೆಯನ್ನು ಹೊಸ ಪದ್ಧತಿಗೆ ತಂದಾಗ ಅಲ್ಲಿ ಮುಷ್ಕರ ಆಗಲಿಲ್ಲ. ಅದಕ್ಕೆ ಕಾರಣವೂ ಇದೇ ಇರಬೇಕು. ಲೇತಿನ ಮೇಲೆ ಸಮಯದ ದೊಡ್ಡ ಪಾಲು ಉಕ್ಕಿನ ಸ್ವಭಾವದಿಂದ ನಿರ್ಧಾರವಾಗುತ್ತಿತ್ತು, ಫೌಂಡ್ರಿಯಲ್ಲಿ ಮನುಷ್ಯನ ಕೈಯಿಂದ. ಉಕ್ಕಿಗೆ ಸಿಕ್ಕ ಗೆಲುವನ್ನು ಟೇಲರ್ ಕೈಗೂ ಹಾಗೆಯೇ ಹಿಗ್ಗಿಸಿದ. ಕಸುಬಿನ ತಿಳಿವಳಿಕೆಯನ್ನು ಕೆಲಸಗಾರನಿಂದ ಪಡೆದು, ಯೋಜನಾ ಕೋಣೆಯಲ್ಲಿ ಕಾಗದಕ್ಕಿಳಿಸಿ, ಸೂಚನಾ ಚೀಟಿಯಾಗಿ ಅವನ ಕೈಗೇ ಹಿಂದಿರುಗಿಸುವುದು ಅವನ ಏರ್ಪಾಟು. ಚೀಟಿ ಬರೆಯುವವರು, ಸಮಯ ಬರೆದಿಡುವವರು, ಕೆಲಸದ ಸರದಿ ಗೊತ್ತುಮಾಡುವವರು ಹೀಗೆ ಹೊಸ ಹುದ್ದೆಗಳು ಹುಟ್ಟಿಕೊಂಡವು. ನಾವು ಇಂದು ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಟೆಕ್ನಿಷಿಯನ್ ಎನ್ನುವವನ ಮೂಲಪುರುಷರು ಅವರೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಕೆಲಸಗಾರರು ಬೇಕೆಂದೇ ನಿಧಾನಿಸುತ್ತಿದ್ದರು, ಅದನ್ನು ಬಯಲುಮಾಡಲು ಗಡಿಯಾರವಲ್ಲದೆ ಬೇರೆ ದಾರಿ ಇರಲಿಲ್ಲ ಎಂಬುದು ಅದು. ನಿಧಾನಿಸುತ್ತಿದ್ದರು ಎಂಬುದು ನಿಜ. ಟೇಲರ್ ಸ್ವತಃ ಲೇತಿನ ಮುಂದೆ ನಿಂತು ಅದನ್ನು ಕಂಡಿದ್ದ. ಅದರ ಕಾರಣವನ್ನೂ ಅವನೇ ಬರೆದಿದ್ದಾನೆ. ಪೀಸ್ ರೇಟಿನಲ್ಲಿ ದುಡಿಯುವವನು ಹೆಚ್ಚು ಮಾಡಿ ತೋರಿಸಿದರೆ ಮಾಲೀಕರು ದರವನ್ನೇ ಇಳಿಸುತ್ತಿದ್ದರು. ಅಂದಮೇಲೆ ನಿಧಾನ ಎಂಬುದು ಸೋಮಾರಿತನವಲ್ಲ, ದರದ ಮೇಲೆ ನಡೆಯುತ್ತಿದ್ದ ಮೌನದ ಚೌಕಾಸಿ. ಗಡಿಯಾರ ಬಂದದ್ದರಿಂದ ಚೌಕಾಸಿ ನಿಲ್ಲಲಿಲ್ಲ. ಅದನ್ನು ಒಂದು ಕಡೆಯವನ ಟಿಪ್ಪಣಿ ಪುಸ್ತಕದೊಳಕ್ಕೆ ಸೇರಿಸಿ, ಫಲಿತಾಂಶಕ್ಕೆ ಅಳತೆ ಎಂದು ಹೆಸರಿಟ್ಟರು. ಟೇಲರನ ಅತ್ಯಂತ ಪ್ರಸಿದ್ಧ ಉದಾಹರಣೆಯ ಗತಿಯನ್ನೇ ನೋಡಿ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಬಂಡಿಗೆ ತುಂಬುವವರು ದಿನಕ್ಕೆ 12.5 ಟನ್ ಎತ್ತುತ್ತಿದ್ದರು, ‘ಷ್ಮಿಟ್’ ಎಂದು ಅವನು ಕರೆದ ಆಳು ವೈಜ್ಞಾನಿಕ ಕ್ರಮದಲ್ಲಿ 47.5 ಟನ್ ಎತ್ತಿದ, ಅವನ ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು ಎಂಬ ಕಥೆ. ಆ ಆಳಿನ ನಿಜನಾಮ ಹೆನ್ರಿ ನೋಲ್. 1974ರಲ್ಲಿ ಸಂಶೋಧಕರು ಮೂಲ ದಾಖಲೆಗಳನ್ನು ತೆಗೆದು ನೋಡಿದಾಗ ಟೇಲರ್ ಹೇಳಿದ ಕಥೆಗೂ ನಡೆದದ್ದಕ್ಕೂ ತಾಳೆಯಾಗಲಿಲ್ಲ. ದಣಿವಾರಿಸಿಕೊಳ್ಳಲು ಎಷ್ಟು ಹೊತ್ತು ಕೊಡಬೇಕು ಎಂಬ ಲೆಕ್ಕದಲ್ಲಿ ವಿಜ್ಞಾನಕ್ಕಿಂತ ಅಂದಾಜಿನ ಪಾಲೇ ದೊಡ್ಡದಾಗಿತ್ತು.

ವಾಟರ್‌ಟೌನ್‌ನ ಗಲಾಟೆ ಅಮೆರಿಕದ ಸಂಸತ್ತಿಗೆ ಹೋಯಿತು. ಗಣಿ ಕೆಲಸಗಾರನಾಗಿದ್ದು ಸಂಸದನಾದ ವಿಲಿಯಂ ಬಿ. ವಿಲ್ಸನ್ ಅಧ್ಯಕ್ಷತೆಯ ಸಮಿತಿಯ ಮುಂದೆ ಟೇಲರ್ 1912ರ ಜನವರಿಯಲ್ಲಿ ದಿನಗಟ್ಟಲೆ ಸಾಕ್ಷ್ಯ ನುಡಿದ. ತನ್ನ ಲೆಕ್ಕವೆಲ್ಲ ‘ಮೊದಲ ದರ್ಜೆಯ ಆಳಿ’ನ ಮೇಲೆ ನಿಂತಿದೆ ಎಂದು ಅವನು ಹೇಳಿದಾಗ, ಆ ದರ್ಜೆಗೆ ಸೇರದವರ ಪಾಡೇನು ಎಂದು ವಿಲ್ಸನ್ ಪಟ್ಟು ಹಿಡಿದು ಕೇಳಿದ. ಟೇಲರನ ಉತ್ತರ ಸುತ್ತಿ ಸುತ್ತಿ ಆ ಮೊದಲ ದರ್ಜೆಯ ಆಳಿಗೇ ಬರುತ್ತಿತ್ತು. ಸಮಿತಿ ನಿಷೇಧಕ್ಕೇನೂ ಶಿಫಾರಸು ಮಾಡಲಿಲ್ಲ. ಆದರೂ 1915ರಲ್ಲಿ ಸೈನ್ಯದ ಖರ್ಚಿನ ಮಸೂದೆಗೆ ಸಂಸತ್ತು ಒಂದು ಷರತ್ತು ಸೇರಿಸಿತು: ಕೆಲಸಗಾರನ ಮೇಲೆ ಸ್ಟಾಪ್‌ವಾಚ್ ಹಿಡಿಯುವ ಅಧಿಕಾರಿಯ ಸಂಬಳಕ್ಕೆ ಈ ಹಣ ಸಲ್ಲದು. ಆ ಷರತ್ತು ಒಂದಲ್ಲ ಒಂದು ರೂಪದಲ್ಲಿ 1949ರವರೆಗೆ ಉಳಿಯಿತು. ಎರಡು ಮಹಾಯುದ್ಧ ಗೆದ್ದ ಸೈನ್ಯ ತನ್ನದೇ ಕಾರ್ಖಾನೆಯೊಳಕ್ಕೆ ಒಂದು ಗಡಿಯಾರ ಒಯ್ಯುವಂತಿರಲಿಲ್ಲ. ಈ ನಿಷೇಧವನ್ನು ನಾನು ಹೊಗಳಲಾರೆ; ಅಳತೆಯಲ್ಲಿ ಅಂದಾಜು ಬೆರೆತಿದೆ ಎಂದು ಅಳತೆಯನ್ನೇ ಬಿಡುವುದು ಪರಿಹಾರವಲ್ಲ. ಅದಕ್ಕಿಂತ ಬೆಲೆಬಾಳುವ ಕೆಲಸ ಮಾಡಿದವನು ಅರ್ಥಶಾಸ್ತ್ರಜ್ಞ ರಾಬರ್ಟ್ ಹಾಕ್ಸಿ. ಸರ್ಕಾರದ ಆಯೋಗದ ಪರವಾಗಿ ಅವನು ಟೇಲರ್ ಮಾದರಿಯ ಕಾರ್ಖಾನೆಗಳನ್ನು ಸುತ್ತಿ, 1915ರಲ್ಲಿ ವರದಿಯನ್ನು ಪುಸ್ತಕವಾಗಿ ಪ್ರಕಟಿಸಿದ. ಅವನ ಜೊತೆ ಮಾಲೀಕರ ದೃಷ್ಟಿಯವನೊಬ್ಬ, ಕಾರ್ಮಿಕರ ಪರವಾಗಿ ಜಾನ್ ಫ್ರೇ ಇದ್ದರು. ಫ್ರೇ ಮೋಲ್ಡರ್‌ಗಳ ಸಂಘದ ಪತ್ರಿಕೆಯ ಸಂಪಾದಕ, ಎಂದರೆ ಕೂನಿಯ ಕಸುಬಿನ ಮನುಷ್ಯ ಈಗ ತನಿಖೆಯವರ ಸಾಲಿನಲ್ಲಿ ಕುಳಿತಿದ್ದ. ಯಾರನ್ನು ಅಳೆಯಬೇಕು, ಎಷ್ಟು ಸಲ, ಯಾವ ಓದನ್ನು ಬಿಡಬೇಕು, ದಣಿವಿಗೆ ಎಷ್ಟು ಸೇರಿಸಬೇಕು ಎಂಬ ಪ್ರತಿ ಹೆಜ್ಜೆಯಲ್ಲೂ ಅಳೆಯುವವನ ವಿವೇಚನೆ ನುಸುಳುತ್ತದೆ ಎಂದು ಹಾಕ್ಸಿ ಉದ್ದದ ಪಟ್ಟಿಯನ್ನೇ ಕೊಟ್ಟ.

ಕಸುಬಿನ ಒಳಗಿನವರೂ ಸುಮ್ಮನಿರಲಿಲ್ಲ. ಇಟ್ಟಿಗೆ ಕಟ್ಟುವ ಮೇಸ್ತ್ರಿಯ 18 ಚಲನೆಗಳನ್ನು ಐದಕ್ಕೂ ಕೆಳಗೆ ಇಳಿಸಿ ಹೆಸರಾಗಿದ್ದ ಫ್ರಾಂಕ್ ಗಿಲ್‌ಬ್ರೆತ್, ಹೆಂಡತಿ ಲಿಲಿಯನ್ ಜೊತೆ ಸೇರಿ 1920ರಲ್ಲಿ ಟೇಲರನ ಅನುಯಾಯಿಗಳ ಸಂಘದ ಸಭೆಯಲ್ಲೇ ಸ್ಟಾಪ್‌ವಾಚಿನ ವಿರುದ್ಧ ದೋಷಾರೋಪಣೆ ಓದಿದ. ಗಂಡಹೆಂಡಿರ ಒಲವು ಚಲನಚಿತ್ರದ ಕ್ಯಾಮೆರಾದ ಕಡೆಗಿತ್ತು, ಅದರಲ್ಲಿ ಅವರ ವ್ಯಾಪಾರದ ಹಿತವೂ ಇತ್ತು. ಅದು ಹಾಗಿರಲಿ, 1927ರ ಹೊತ್ತಿಗೆ ವೆಸ್ಟಿಂಗ್‌ಹೌಸ್ ಕಂಪನಿಯ ಇಂಜಿನಿಯರುಗಳು ಕೌಶಲ, ಶ್ರಮ, ಪರಿಸ್ಥಿತಿ, ಸ್ಥಿರತೆ ಎಂಬ ನಾಲ್ಕು ಬಾಬತ್ತಿಗೆ ಅಂಕ ಕೊಟ್ಟು ಗಡಿಯಾರದ ಓದನ್ನು ತಿದ್ದುವ ಕೋಷ್ಟಕ ಹೊರತಂದರು. ಮೆರಿಕ್ ಮನಸ್ಸಿನಲ್ಲೇ ಮಾಡಿದ್ದನ್ನು ಅವರು ಬಹಿರಂಗವಾಗಿ ಮಾಡಿದರು, ರೇಟಿಂಗ್ ಎಂದು ಹೆಸರಿಟ್ಟರು. ಆದರೆ ನೂರು ಎಂದು ಲೆಕ್ಕಿಸಬೇಕಾದ ಸಹಜ ಗತಿ ಯಾವುದು? ಗಂಟೆಗೆ ಮೂರು ಮೈಲಿ ನಡೆಯುವುದು, 52 ಇಸ್ಪೀಟು ಎಲೆಗಳನ್ನು ಅರ್ಧ ನಿಮಿಷದಲ್ಲಿ ಹಂಚುವುದು ನೂರು ಎಂದಿತು ಅಮೆರಿಕದ ಒಂದು ಪ್ರಚಲಿತ ಮಾನ. ನಾಲ್ಕು ಮೈಲಿ ನಡೆಯುವುದು, ಅವೇ ಎಲೆಗಳನ್ನು 0.375 ನಿಮಿಷದಲ್ಲಿ ಹಂಚುವುದು ನೂರು ಎಂದಿತು ಬ್ರಿಟಿಷ್ ಮಾನ. ಒಂದರ ನೂರು ಮಾಮೂಲಿ ದಿನಗೂಲಿಯವನ ಗತಿ, ಇನ್ನೊಂದರದು ಬೋನಸ್ಸಿಗೆ ದುಡಿಯುವವನ ಗತಿ ಎಂದು ವಿವರಣೆ ಕೊಡುತ್ತಾರೆ. ವಿವರಣೆ ಸರಿಯೇ, ಆದರೆ ಕೂಲಿಯ ಒಪ್ಪಂದ ನೋಡಿಕೊಂಡು ನೂರರ ಅರ್ಥ ಬದಲಾಗುವ ಮಾಪನ ಉಕ್ಕಿನ ಗಡಸುತನದ ಮಾಪನದಂಥದ್ದಲ್ಲ.

ಇದಕ್ಕೂ ಉತ್ತರ ಬಂತು. 1948ರಲ್ಲಿ ಪ್ರಕಟವಾದ ಎಂಟಿಎಂ (ಮೆಥಡ್ಸ್-ಟೈಮ್ ಮೆಷರ್ಮೆಂಟ್) ಪದ್ಧತಿಯಲ್ಲಿ ಕೆಲಸಗಾರನ ಮುಂದೆ ಗಡಿಯಾರ ಹಿಡಿಯುವ ಪ್ರಮೇಯವೇ ಇಲ್ಲ. ಕೈ ಚಾಚುವುದು, ಹಿಡಿಯುವುದು, ಸಾಗಿಸುವುದು, ಕೂರಿಸುವುದು ಹೀಗೆ ಪ್ರತಿ ಮೂಲ ಚಲನೆಗೂ ಮೊದಲೇ ಗೊತ್ತಾದ ಬೆಲೆಯಿದೆ. ಅದರ ಏಕಮಾನ ಗಂಟೆಯ ಲಕ್ಷದ ಒಂದು ಭಾಗ, ಅಂದರೆ 0.036 ಸೆಕೆಂಡ್. ಕೋಷ್ಟಕ ನೋಡಿ ಕೂಡಿಸಿದರೆ ಮುಗಿಯಿತು, ಅಂದಾಜಿಗೆ ಜಾಗವೆಲ್ಲಿ ಎಂದು ಇದರ ಪಕ್ಷದವರು ಕೇಳುತ್ತಾರೆ. ಲಾಭ ದೊಡ್ಡದೇ: ಒಂದೇ ಕೆಲಸಕ್ಕೆ ಇಬ್ಬರು ತಂತ್ರಜ್ಞರು ಎರಡು ಸಮಯ ಹೇಳುವ ಪೀಕಲಾಟ ಬಹುಮಟ್ಟಿಗೆ ತಪ್ಪಿತು. ಆದರೆ ಆ ಕೋಷ್ಟಕದ ಬೆಲೆಗಳು ಬಂದದ್ದು ಕಾರ್ಖಾನೆಯಲ್ಲಿ ತೆಗೆದ ಫಿಲ್ಮುಗಳಿಂದ, ಆ ಫಿಲ್ಮಿನ ಓದುಗಳನ್ನು ತಿದ್ದಿದ್ದು ಅದೇ 1927ರ ರೇಟಿಂಗ್ ಕೋಷ್ಟಕದಿಂದ. ಅಂದಾಜು ಅಳಿಯಲಿಲ್ಲ, ಅಡಿಪಾಯಕ್ಕೆ ಇಳಿಯಿತು, ಅಷ್ಟೆ. ಅಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಪ್ರಶ್ನಿಸುವುದೂ ಕಷ್ಟವಾಯಿತು. ಕೂನಿಗೆ ಕನಿಷ್ಠ ಎದುರಿಗೊಬ್ಬ ಮೆರಿಕ್ ಇದ್ದ.

ಭಾರತಕ್ಕೆ ಈ ವಿದ್ಯೆ ವ್ಯವಸ್ಥಿತವಾಗಿ ಬಂದದ್ದು ಸ್ವಾತಂತ್ರ್ಯದ ನಂತರ. 1952ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರ ತಂಡ ಬಂದು ಜವಳಿ ಮತ್ತು ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ವರ್ಕ್ ಸ್ಟಡಿಯ ಪ್ರಯೋಗ ನಡೆಸಿತು. 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಹುಟ್ಟಿತು. 1957ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೊರತಂದ ವರ್ಕ್ ಸ್ಟಡಿಯ ಪಠ್ಯಪುಸ್ತಕದಲ್ಲಿ ವಾಟರ್‌ಟೌನ್‌ನ ಪಾಠ ಎದ್ದು ಕಾಣುತ್ತದೆ: ಗುಟ್ಟಾಗಿ ಅಳೆಯಕೂಡದು, ಮೊದಲು ಕೆಲಸಗಾರನಿಗೂ ಸಂಘಕ್ಕೂ ತಿಳಿಸಬೇಕು, ವಿಧಾನವನ್ನು ಸುಧಾರಿಸಿದ ಮೇಲೆ ಸಮಯದ ಮಾತು. ಜಪಾನಿನಲ್ಲಿ ಟೊಯೋಟಾದ ತೈಇಚಿ ಓನೊ ಇನ್ನೂ ಮುಂದೆ ಹೋಗಿ, ಕೆಲಸದ ಪ್ರಮಾಣಪಟ್ಟಿಯನ್ನು ಕೋಣೆಯ ಇಂಜಿನಿಯರಲ್ಲ, ಆ ಕೆಲಸ ನಡೆಯುವ ಜಾಗದವರೇ ಬರೆಯಬೇಕೆಂದ. ಅಲ್ಲಿಗೆ ಜಗಳ ಮುಗಿಯಿತು ಎನ್ನುವಂತಿಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2020ರ ನವೆಂಬರಿನಿಂದ ಮರುವರ್ಷದ ಮಾರ್ಚ್‌ವರೆಗೆ ಎಳೆದ ತಿಕ್ಕಾಟದಲ್ಲಿ ಕೆಲಸದ ಹೊರೆಯೂ ಒಂದು ತಕರಾರಾಗಿತ್ತು. ಪಟ್ಟಿ ಯಾರು ಬರೆದರು ಎಂಬುದರಷ್ಟೇ, ಅದನ್ನು ತಿದ್ದಲು ಯಾರಿಗೆ ಅವಕಾಶವಿದೆ ಎಂಬುದೂ ಮುಖ್ಯ.

ಆ ಪ್ರಶ್ನೆ ಇಂದು ನಮ್ಮಲ್ಲಿ ಹೆಚ್ಚು ಜೀವಂತವಾಗಿರುವುದು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ. ಷರ್ಟಿನ ಕಾಲರ್ ಕೂರಿಸಲು, ತೋಳು ಹೊಲಿಯಲು ಎಷ್ಟು ನಿಮಿಷ ಎಂಬ ಸ್ಯಾಮ್ (ಸ್ಟ್ಯಾಂಡರ್ಡ್ ಅಲೌಡ್ ಮಿನಿಟ್) ಲೆಕ್ಕವನ್ನು ಐಇ, ಅಂದರೆ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ವಿಭಾಗದವರು ಹಾಕುತ್ತಾರೆ. ಲೈನಿನ ಗಂಟೆಗಂಟೆಯ ಟಾರ್ಗೆಟ್ ಹುಟ್ಟುವುದು ಅದರಿಂದ. ಖರೀದಿದಾರ ಬ್ರ್ಯಾಂಡಿನೊಂದಿಗೆ ಬೆಲೆಯ ಮಾತುಕತೆ ನಡೆಯುವಾಗಲೂ ಇದೇ ಸಂಖ್ಯೆ ಮೇಜಿನ ಮೇಲಿರುತ್ತದೆ. ಸ್ಯಾಮ್‌ನಲ್ಲಿ ಹೊಲಿಗೆಯ ಸಮಯದ ಜೊತೆ ದಣಿವಿಗೆ, ನೀರು ಶೌಚಕ್ಕೆ, ದಾರ ಕಡಿದು ಮತ್ತೆ ಪೋಣಿಸುವುದಕ್ಕೆ ಎಂದು ಶೇಕಡಾ ಇಷ್ಟು ಸೇರಿಸುತ್ತಾರೆ. ಹೊಲಿಗೆಯ ಸಮಯಕ್ಕೆ ಈಗ ಸಾಫ್ಟ್‌ವೇರ್ ಇದೆ. ಈ ಶೇಕಡಾವಾರು ಮಾತ್ರ ಇವತ್ತಿಗೂ ಮನುಷ್ಯರು ಕುಳಿತು ನಿರ್ಧರಿಸುವಂಥದ್ದು. ಮೇ ತಿಂಗಳ ತಗಡಿನ ಮಾಡಿನಡಿ ಅದು ಎಷ್ಟಿರಬೇಕು ಎಂಬುದನ್ನು ಯಾವ ಕೋಷ್ಟಕವೂ ಹೇಳಲಾರದು, ಮಷಿನ್ ಮುಂದೆ ಕೂತವಳು ಹೇಳಬಲ್ಲಳು. ಡಿಪ್ಲೊಮಾ ಮುಗಿಸಿ ಐಇ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಸ್ಯಾಮ್ ಹಾಕುವುದನ್ನು ಕಲಿಸುತ್ತಾರೆ. ಹಾಕಿದ ಲೆಕ್ಕದ ಹಾಳೆಯನ್ನು ಲೈನಿಗೆ ಒಯ್ದು, ಇದರಲ್ಲಿ ಅಂದಾಜು ಎಷ್ಟು, ಎಲ್ಲಿ ಸೇರಿದೆ ಎಂದು ಹೊಲಿಯುವವಳ ಮುಂದೆ ಬಿಡಿಸಿಡುವುದನ್ನೂ ಅದೇ ಪಾಠದಲ್ಲಿ ಸೇರಿಸಬಹುದು.