ಸುಳ್ಳೆನಿಸಿಕೊಂಡ ಪರೀಕ್ಷೆ ಹೇಳಿದ ನಿಜ

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮಗಳೋ ಸೊಸೆಯೋ ಗರ್ಭಿಣಿಯಾದಾಗ, ಮೊದಲ ಭೇಟಿಯ ವೇಳೆಗೇ ಮಿಡ್‌ವೈಫ್ ಕೆಲವು ರಕ್ತಪರೀಕ್ಷೆಗಳನ್ನು ಸೂಚಿಸುತ್ತಾರೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಹೆಪಟೈಟಿಸ್-ಬಿ ಇವುಗಳೊಡನೆ ಸಿಫಿಲಿಸ್ ಪರೀಕ್ಷೆಯೂ ಆ ಪಟ್ಟಿಯಲ್ಲಿರುತ್ತದೆ. ನಮ್ಮ ಹಿರಿಯರು ‘ಪರಂಗಿ ರೋಗ’ವೆಂದು ದನಿ ತಗ್ಗಿಸಿ ಹೇಳುತ್ತಿದ್ದ ಕಾಯಿಲೆ ಇದು. ಆ ಹೆಸರನ್ನು ಕಂಡು ಮುಜುಗರಪಡುವವರಿಗೆ, ಇದು ಎಲ್ಲ ಗರ್ಭಿಣಿಯರಿಗೂ ನೀಡುವ ಸೌಲಭ್ಯ, ಯಾರ ಮೇಲಿನ ಅನುಮಾನವೂ ಅಲ್ಲ ಎಂದು ನಾವು ವೈದ್ಯರು ಸಮಾಧಾನ ಹೇಳುತ್ತೇವೆ.

ಆದರೆ ಈ ಪರೀಕ್ಷೆಗೆ ಒಂದು ಹಳೆಯ ಕಥೆಯಿದೆ. ಅದರ ಮೊದಲ ರೂಪವು ಕೆಲವು ನಿರಪರಾಧಿ ಹೆಂಗಸರ ಮೇಲೆ ಸುಳ್ಳು ಕಳಂಕವನ್ನು ಹೊರಿಸಿತು. ಆ ಸುಳ್ಳನ್ನು ಬದಿಗೆ ತಳ್ಳದೆ ಬೆನ್ನಟ್ಟಿದ ವೈದ್ಯರಿಂದಾಗಿಯೇ, ಮತ್ತೆ ಮತ್ತೆ ಗರ್ಭ ಕಳೆದುಕೊಳ್ಳುತ್ತಿದ್ದ ಅನೇಕ ತಾಯಂದಿರ ಮಡಿಲು ತುಂಬುವ ದಾರಿ ತೆರೆಯಿತು. ಸದಸ್ಯ ಬಂಧುಗಳು ಆ ಕಥೆಯನ್ನು ಅರಿತಿರಬೇಕೆಂಬುದು ಈ ಲೇಖನದ ಆಶಯ.

ಎತ್ತಿನ ಹೃದಯದಿಂದ ಬಂದ ಕೊಬ್ಬು

1906ರಲ್ಲಿ ಜರ್ಮನಿಯ ಆಗಸ್ಟ್ ಫಾನ್ ವಾಸರ್‌ಮನ್ ಮತ್ತು ಸಂಗಡಿಗರು ಸಿಫಿಲಿಸ್ ರೋಗಕ್ಕೆ ರಕ್ತಪರೀಕ್ಷೆಯೊಂದನ್ನು ರೂಪಿಸಿದರು. ಆ ರೋಗದಿಂದಲೇ ಮೃತಪಟ್ಟ ಭ್ರೂಣದ ಯಕೃತ್ತಿನ ಸಾರವನ್ನು ಅವರು ಬಳಸುತ್ತಿದ್ದರು. ಅದರಲ್ಲಿರುವ ರೋಗಾಣುವಿನ ವಿರುದ್ಧ ರೋಗಿಯ ರಕ್ತದ ಪ್ರತಿಕಾಯಗಳು ವರ್ತಿಸುತ್ತವೆ ಎಂಬುದು ಅವರ ಎಣಿಕೆ. ಸ್ವಲ್ಪ ಕಾಲದಲ್ಲೇ ಒಂದು ವಿಚಿತ್ರ ಹೊರಬಿತ್ತು: ರೋಗವೇ ಇಲ್ಲದ ಪ್ರಾಣಿಯ ಹೃದಯದ ಸಾರವೂ ಅದೇ ಕೆಲಸ ಮಾಡುತ್ತಿತ್ತು. ಅಂದರೆ ಪರೀಕ್ಷೆಯು ಪತ್ತೆಹಚ್ಚುತ್ತಿದ್ದುದು ರೋಗಾಣುವಿಗೆ ಮಾತ್ರ ಮೀಸಲಾದ ಪ್ರತಿಕಾಯವನ್ನಲ್ಲ. 1941ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಎಂಬ ವಿಜ್ಞಾನಿ ಎತ್ತಿನ ಹೃದಯದಿಂದ ಆ ವಸ್ತುವನ್ನು ಬೇರ್ಪಡಿಸಿದರು. ಅದು ರಂಜಕವನ್ನೊಳಗೊಂಡ ಒಂದು ಬಗೆಯ ಕೊಬ್ಬು, ಒಂದು ಫಾಸ್ಫೋಲಿಪಿಡ್. ಹೃದಯದಿಂದ ಬಂದದ್ದರಿಂದ ಅದಕ್ಕೆ ಕಾರ್ಡಿಯೋಲಿಪಿನ್ ಎಂದು ಹೆಸರಾಯಿತು.

ಈ ನಡುವೆ ಅಮೆರಿಕದಲ್ಲಿ ಕಾನೂನುಗಳು ಬಂದವು. 1935ರಲ್ಲಿ ಕನೆಕ್ಟಿಕಟ್ ರಾಜ್ಯವು ಮದುವೆಗೆ ಮುನ್ನ ವಧೂವರರಿಬ್ಬರ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 1938ರಲ್ಲಿ ನ್ಯೂಯಾರ್ಕ್ ಮತ್ತು ರೋಡ್ ಐಲೆಂಡ್ ರಾಜ್ಯಗಳು ಗರ್ಭಿಣಿಯರ ಪರೀಕ್ಷೆಗೂ ಕಾನೂನು ಮಾಡಿದವು. ಮಕ್ಕಳನ್ನು ಹುಟ್ಟು ಸಿಫಿಲಿಸ್‌ನಿಂದ ಪಾರುಮಾಡುವ ಉದ್ದೇಶ ಒಳ್ಳೆಯದೇ. ಆದರೆ ಆರೋಗ್ಯವಂತರನ್ನು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿದಾಗ, ರೋಗದ ಸುಳಿವೇ ಇಲ್ಲದ ಕೆಲವರ ರಕ್ತವೂ ‘ಹೌದು’ ಎಂದಿತು. ಮದುವೆ ಗೊತ್ತಾದ ಹುಡುಗಿಗೆ, ಚೊಚ್ಚಲ ಬಸುರಿಗೆ ಆ ಒಂದು ಮಾತಿನ ಅರ್ಥವೇನೆಂಬುದನ್ನು ನಮ್ಮ ಸಮಾಜದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುಳ್ಳಿನ ಬೆನ್ನುಹತ್ತಿದವರು

1949ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ನೆಲ್ಸನ್ ಮತ್ತು ಮೇಯರ್ ಸಿಫಿಲಿಸ್‌ನ ಜೀವಂತ ರೋಗಾಣುವನ್ನೇ ಬಳಸಿ ಹೆಚ್ಚು ಖಚಿತವಾದ ಪರೀಕ್ಷೆಯನ್ನು ರೂಪಿಸಿದರು. ಯಾರಿಗೆ ರೋಗವಿದೆ, ಯಾರ ಮೇಲೆ ಸುಳ್ಳು ಆರೋಪ ಬಂದಿದೆ ಎಂಬುದನ್ನು ಬೇರ್ಪಡಿಸಲು ಆಗ ಸಾಧ್ಯವಾಯಿತು. ಅದೇ ಸಂಸ್ಥೆಯ ಜೋಸೆಫ್ ಅರ್ಲ್ ಮೂರ್ ಮತ್ತು ಚಾರ್ಲ್ಸ್ ಮೋರ್ 1952ರಲ್ಲಿ ಈ ‘ಸುಳ್ಳು ಹೌದು’ಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಜ್ವರ, ಸೋಂಕು, ಲಸಿಕೆಗಳ ಬಳಿಕ ಕೆಲವು ತಿಂಗಳು ಕಾಣಿಸಿಕೊಂಡು ಮರೆಯಾಗುವುದು ಒಂದು ಬಗೆ. ವರ್ಷಗಟ್ಟಲೆ ಉಳಿಯುವುದು ಇನ್ನೊಂದು. ಎರಡನೆಯ ಗುಂಪಿನವರನ್ನು ಮನೆಗೆ ಕಳುಹಿಸಿ ಮರೆಯದೆ ವೈದ್ಯರು ಹಲವು ವರ್ಷ ಗಮನಿಸಿದರು. ಅವರಲ್ಲಿ ಕೆಲವರಿಗೆ, ವಿಶೇಷವಾಗಿ ಹೆಂಗಸರಿಗೆ, ಮುಂದೆ ಲೂಪಸ್ ಎಂಬ ಕಾಯಿಲೆ ಬಂತು.

ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ರೋಗ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಕೀಲು, ಚರ್ಮ, ಮೂತ್ರಪಿಂಡ, ರಕ್ತ ಯಾವುದನ್ನೂ ಅದು ಬಿಡದು. ಈ ಕಾಯಿಲೆ ಬರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅದೂ ಹೆರುವ ವಯಸ್ಸಿನಲ್ಲಿಯೇ ಹೆಚ್ಚು. 1955ರಲ್ಲಿ ಪ್ರಕಟವಾದ ಜಾನ್ಸ್ ಹಾಪ್‌ಕಿನ್ಸ್ ಅಧ್ಯಯನದಲ್ಲಿ, ರೋಗ ಪತ್ತೆಯಾದ ನಾಲ್ಕು ವರ್ಷಗಳ ಬಳಿಕ ಬದುಕುಳಿದವರು ಸುಮಾರು ಅರ್ಧದಷ್ಟು ಜನ ಮಾತ್ರ. ಹೀಗಾಗಿ ವೈದ್ಯರು ಲೂಪಸ್ ಇರುವ ಹೆಂಗಸಿಗೆ ಬಹುಕಾಲ ಒಂದೇ ಮಾತು ಹೇಳಿದರು: ಮಕ್ಕಳ ಆಸೆಯನ್ನು ಬಿಟ್ಟುಬಿಡಿ.

ಬಸಿರು ಎಲ್ಲ ವಾತರೋಗಗಳಿಗೂ ಕೇಡು ತರುತ್ತದೆಂದಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಎಂಬ ವೈದ್ಯರು, ರುಮಟಾಯ್ಡ್ ಸಂಧಿವಾತವಿರುವ ಹೆಂಗಸರ ಕೀಲುನೋವು ಬಸಿರಿನ ತಿಂಗಳುಗಳಲ್ಲಿ ತಗ್ಗುವುದನ್ನು ಗಮನಿಸಿ 1938ರಲ್ಲಿ ಬರೆದರು. ದೇಹದೊಳಗೇ ಯಾವುದೋ ಶಮನಕಾರಿ ವಸ್ತುವಿರಬೇಕೆಂಬ ಅವರ ಹುಡುಕಾಟವು 1948ರಲ್ಲಿ ಕಾರ್ಟಿಸೋನ್ ಚಿಕಿತ್ಸೆಗೆ ತಲುಪಿತು. 1950ರ ನೊಬೆಲ್ ಪ್ರಶಸ್ತಿಯನ್ನು ಅವರು ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರೊಂದಿಗೆ ಹಂಚಿಕೊಂಡರು. ಬಸುರಿಯರ ಮಾತಿಗೆ ಕಿವಿಗೊಟ್ಟ ವೈದ್ಯನೊಬ್ಬನಿಗೆ ದಕ್ಕಿದ ಫಲವಿದು. ಆದರೆ ಲೂಪಸ್ ಇದ್ದವರ ಗರ್ಭಗಳು ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ನಳಿಕೆಯಲ್ಲಿ ಒಂದು, ಮೈಯೊಳಗೆ ಇನ್ನೊಂದು

1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್, ಲೂಪಸ್ ಇದ್ದ ಇಬ್ಬರು ರೋಗಿಗಳ ರಕ್ತವು ಪ್ರಯೋಗಾಲಯದ ಪರೀಕ್ಷೆಯಲ್ಲಿ ಹೆಪ್ಪುಗಟ್ಟಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದನ್ನು ವರದಿ ಮಾಡಿದರು. 1957ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಇಂಗಾ ಮರೀ ನಿಲ್ಸನ್, ಹೆಪ್ಪುಗಟ್ಟುವಿಕೆಯನ್ನು ತಡೆಯುವ ಈ ಅಂಶಕ್ಕೂ ವಾಸರ್‌ಮನ್ ಪರೀಕ್ಷೆಯ ಸುಳ್ಳು ಫಲಿತಾಂಶಕ್ಕೂ ನಂಟಿರುವುದನ್ನು ತೋರಿಸಿದರು. ರಕ್ತ ಹೆಪ್ಪುಗಟ್ಟದಿದ್ದರೆ ರೋಗಿಗೆ ರಕ್ತಸ್ರಾವವಾಗಬೇಕು. ಆದರೆ 1963ರಲ್ಲಿ ಮೇಯೋ ಕ್ಲಿನಿಕ್‌ನ ಬೋವೀ ಮತ್ತು ಸಂಗಡಿಗರು ಕಂಡದ್ದು ಅದಕ್ಕೆ ತದ್ವಿರುದ್ಧ: ಈ ರೋಗಿಗಳ ರಕ್ತನಾಳಗಳಲ್ಲಿ ಹೆಪ್ಪುಗಳು ಕಟ್ಟಿಕೊಳ್ಳುತ್ತಿದ್ದವು. ಗಾಜಿನ ನಳಿಕೆಯಲ್ಲಿ ತಡವಾಗಿ ಹೆಪ್ಪಾಗುವ ರಕ್ತ ಮೈಯೊಳಗೆ ಅನವಶ್ಯವಾಗಿ ಹೆಪ್ಪಾಗುತ್ತಿತ್ತು. 1972ರಲ್ಲಿ ಇದಕ್ಕೆ ‘ಲೂಪಸ್ ಆ್ಯಂಟಿಕೋಯಾಗ್ಯುಲಂಟ್’ ಎಂಬ ಹೆಸರು ಬಿತ್ತು. ಲೂಪಸ್ ಇಲ್ಲದವರಲ್ಲೂ ಅದು ಇರುವುದರಿಂದ, ರಕ್ತಸ್ರಾವಕ್ಕೆ ಬದಲು ಹೆಪ್ಪನ್ನೇ ತರುವುದರಿಂದ, ಆ ಹೆಸರು ಎರಡು ಬಗೆಯಲ್ಲೂ ತಪ್ಪು. ಆದರೂ ಇಂದಿಗೂ ಅದೇ ಬಳಕೆಯಲ್ಲಿದೆ.

ಅದೇ ಇಂಗಾ ಮರೀ ನಿಲ್ಸನ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ಇನ್ನೊಂದು ಎಳೆಯನ್ನು ಜೋಡಿಸಿದರು. ಇಂಥ ರಕ್ತವಿರುವ ಹೆಂಗಸಿನ ಗರ್ಭದಲ್ಲಿ ಶಿಶು ಸಾಯುವುದಕ್ಕೂ ಈ ಅಂಶಕ್ಕೂ ಸಂಬಂಧವಿದೆಯೆಂದು ಅವರು ಬರೆದರು.

ಬಿಡಿಬಿಡಿಯಾಗಿದ್ದ ಈ ಎಳೆಗಳು ಒಂದೇ ಹಗ್ಗವಾದದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, 1983ರಲ್ಲಿ. ಗ್ರಹಾಂ ಹ್ಯೂಸ್ ಅವರು ರಕ್ತದ ಹೆಪ್ಪು, ಮರುಕಳಿಸುವ ಗರ್ಭಪಾತ, ಮೆದುಳಿನ ತೊಂದರೆ ಇವು ಮೂರೂ ಒಂದೇ ಕಾಯಿಲೆಯ ಮುಖಗಳೆಂದು ವಿವರಿಸಿದರು. ಅವರ ತಂಡದ, ಗಯಾನಾ ಮೂಲದ ನೈಜೆಲ್ ಹ್ಯಾರಿಸ್, ಅಜೀಜ್ ಘರಾವಿ ಮೊದಲಾದವರು ಕಾರ್ಡಿಯೋಲಿಪಿನ್ ವಿರುದ್ಧದ ಪ್ರತಿಕಾಯವನ್ನು ನೇರವಾಗಿ ಅಳೆಯುವ ಸೂಕ್ಷ್ಮ ಪರೀಕ್ಷೆಯನ್ನು ಅದೇ ವರ್ಷ ಪ್ರಕಟಿಸಿದರು. ಮೇರಿ ಪ್ಯಾಂಗ್‌ಬಾರ್ನ್ ಎತ್ತಿನ ಹೃದಯದಿಂದ ತೆಗೆದಿದ್ದ ಕೊಬ್ಬು ಈಗ ಹೆಂಗಸಿನ ಶೀಲವನ್ನು ಶಂಕಿಸುವ ಸಾಧನವಾಗಿ ಉಳಿಯದೆ, ಅವಳ ನೋವಿನ ಕಾರಣವನ್ನು ಹೇಳುವ ಸಾಧನವಾಯಿತು. ಈ ಕಾಯಿಲೆಯನ್ನು ಇಂದು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅಥವಾ ಹ್ಯೂಸ್ ಸಿಂಡ್ರೋಮ್ ಎನ್ನುತ್ತಾರೆ.

ಔಷಧವನ್ನೂ ಒರೆಗೆ ಹಚ್ಚಿದ ತಾಯಂದಿರು

ಕಾರಣ ತಿಳಿದ ಮಾತ್ರಕ್ಕೆ ಮದ್ದು ಸಿಗಲಿಲ್ಲ. 1983ರಲ್ಲಿಯೇ ನ್ಯೂಜಿಲೆಂಡಿನ ಲಬ್ಬೆ ಮತ್ತು ಸಂಗಡಿಗರು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮತ್ತು ಆಸ್ಪಿರಿನ್ ನೀಡಿ, ಹಿಂದೆ ಶಿಶುಗಳನ್ನು ಕಳೆದುಕೊಂಡಿದ್ದ ಕೆಲವು ತಾಯಂದಿರಿಗೆ ಜೀವಂತ ಮಕ್ಕಳಾದುದನ್ನು ವರದಿ ಮಾಡಿದರು. ಆ ಚಿಕಿತ್ಸೆ ಬೇಗನೆ ಹರಡಿತು. ಆದರೆ ಬೆರಳೆಣಿಕೆಯ ಯಶಸ್ಸನ್ನು ಪುರಾವೆ ಎನ್ನಲಾಗದು. ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎರಡು ಚಿಕಿತ್ಸೆಗಳನ್ನು ಹೋಲಿಸಬೇಕು. 1992ರಲ್ಲಿ ಕೌಚಾಕ್ ಮತ್ತು ಸಂಗಡಿಗರು ಪ್ರೆಡ್ನಿಸೋನ್ ಹಾಗೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಚುಚ್ಚುಮದ್ದನ್ನು ಹಾಗೆ ಹೋಲಿಸಿದರು. ಎರಡು ಗುಂಪುಗಳಲ್ಲೂ ಬದುಕಿದ ಮಕ್ಕಳ ಪ್ರಮಾಣ ಒಂದೇ ಆಗಿತ್ತು. ತಾಯಿಯ ತೊಂದರೆಗಳೂ ಅವಧಿಪೂರ್ವ ಹೆರಿಗೆಯೂ ಸ್ಟೀರಾಯ್ಡ್ ಪಡೆದವರಲ್ಲಿ ಹೆಚ್ಚಾಗಿದ್ದವು.

1997ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ರಾಜ್ ರೈ, ಲೆಸ್ಲಿ ರೀಗನ್ ಮತ್ತು ಸಂಗಡಿಗರು, ಪದೇ ಪದೇ ಗರ್ಭಪಾತವಾಗಿದ್ದು ಈ ಪ್ರತಿಕಾಯಗಳಿದ್ದ 90 ಹೆಂಗಸರ ಅಧ್ಯಯನವನ್ನು ಪ್ರಕಟಿಸಿದರು. ಬರಿಯ ಆಸ್ಪಿರಿನ್ ಪಡೆದ 45 ಮಂದಿಯಲ್ಲಿ 19 ಮಂದಿಗೆ, ಆಸ್ಪಿರಿನ್ ಜೊತೆ ಹೆಪಾರಿನ್ ಪಡೆದ 45 ಮಂದಿಯಲ್ಲಿ 32 ಮಂದಿಗೆ ಜೀವಂತ ಮಕ್ಕಳಾದವು. ಅಂದರೆ ಶೇಕಡ 42ರಿಂದ 71ಕ್ಕೆ ಏರಿಕೆ. 2002ರಲ್ಲಿ ಪ್ರಕಟವಾದ ಫಾರ್ಕರ್ಸನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಇಷ್ಟು ದೊಡ್ಡ ಅಂತರ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಬರಿಯ ಆಸ್ಪಿರಿನ್ ಪಡೆದವರಲ್ಲೂ ಬಹುಪಾಲು ತಾಯಂದಿರಿಗೆ ಮಕ್ಕಳಾದವು. ಆದರೂ ಎಲ್ಲ ಪುರಾವೆಗಳನ್ನು ತೂಗಿ ನೋಡಿದ ಮೇಲೆ, ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಜೋಡಿಯೇ ಇಂದಿಗೂ ಮುಖ್ಯ ಚಿಕಿತ್ಸೆಯಾಗಿದೆ. ಹೆಪಾರಿನ್ ಕೇವಲ ಹೆಪ್ಪನ್ನು ತಡೆಯುವುದಲ್ಲ, ಮಾಸಿನಲ್ಲಿ ಉಂಟಾಗುವ ಉರಿಯೂತವನ್ನೂ ತಗ್ಗಿಸುತ್ತದೆಂದು 2004ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿಕೊಟ್ಟವು.

ಇಂಥ ಪ್ರಯೋಗಗಳಲ್ಲಿ ಪಾಲ್ಗೊಂಡವರು ಯಾರೆಂಬುದನ್ನು ನೆನೆಯಬೇಕು. ಒಂದಲ್ಲ ಎರಡಲ್ಲ, ಹಲವು ಗರ್ಭಗಳನ್ನು ಕಳೆದುಕೊಂಡವರು. ತಮಗೆ ಯಾವ ಮದ್ದು ಬರುವುದೆಂಬುದನ್ನು ತಾವು ಆರಿಸುವಂತಿಲ್ಲವೆಂದು ತಿಳಿದೂ ಒಪ್ಪಿದವರು. ಅವರ ಹೆಸರುಗಳು ಯಾವ ಪ್ರಬಂಧದಲ್ಲಿಯೂ ಇಲ್ಲ.

ಲೂಪಸ್ ಇರುವವರಿಗೆ ಹೇಳುತ್ತಿದ್ದ ಹಳೆಯ ಮಾತೂ ಹೀಗೆಯೇ ಬದಲಾಯಿತು. 2015ರಲ್ಲಿ ಜಿಲ್ ಬಯಾನ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಕೆನಡಾದ 385 ಗರ್ಭಿಣಿಯರ ಅಧ್ಯಯನವನ್ನು ಪ್ರಕಟಿಸಿದರು. ಅವರೆಲ್ಲರ ಲೂಪಸ್ ಹತೋಟಿಯಲ್ಲಿತ್ತು ಅಥವಾ ಸೌಮ್ಯವಾಗಿತ್ತು. ಅವರಲ್ಲಿ ಶೇಕಡ 81ರಷ್ಟು ತಾಯಂದಿರ ಗರ್ಭಕ್ಕೆ ಗಂಭೀರ ತೊಂದರೆ ಎದುರಾಗಲಿಲ್ಲ. ‘ಮಕ್ಕಳ ಆಸೆ ಬಿಡಿ’ ಎಂಬಲ್ಲಿ ಈಗ ‘ರೋಗ ಶಾಂತವಾಗಲಿ, ಯೋಜಿಸಿ ಗರ್ಭ ಧರಿಸಿ’ ಎಂಬ ಸಲಹೆ ಬಂದಿದೆ.

ಇನ್ನೊಂದು ಅಪಾಯವೂ ಉಂಟು. ತಾಯಿಯಲ್ಲಿ ‘ರೋ’ ಎಂಬ ಪ್ರತಿಕಾಯವಿದ್ದರೆ, ಅದು ಮಾಸನ್ನು ದಾಟಿ ಶಿಶುವಿನ ಹೃದಯ ಬಡಿತದ ವ್ಯವಸ್ಥೆಯನ್ನು ಕೆಡಿಸಬಹುದು. ಇದು ನೂರರಲ್ಲಿ ಒಂದೆರಡು ಶಿಶುಗಳಿಗೆ ಮಾತ್ರ ಆಗುವಂಥದ್ದು. ಆದರೆ ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಗರ್ಭದಲ್ಲಿ ಮರುಕಳಿಸುವ ಸಂಭವ ಸುಮಾರು ಶೇಕಡ 18. ಮಲೇರಿಯಾಕ್ಕೆಂದು ಬಂದು ಲೂಪಸ್‌ಗೆ ನೆರವಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಅಂಥ 54 ತಾಯಂದಿರಿಗೆ ನೀಡಿದಾಗ ಅದು ಮರುಕಳಿಸಿದ್ದು ನಾಲ್ವರಲ್ಲಿ ಎಂದು 2020ರ ವರದಿ ಹೇಳಿತು.

ನಮ್ಮ ಮನೆಗಳಿಗೆ

ನಮ್ಮ ನಾಡಿನಲ್ಲಿ ಸಂತಾನವಿಲ್ಲದವರು ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲನ್ನು ಪ್ರತಿಷ್ಠಾಪಿಸುವ ಪದ್ಧತಿ ಹಳೆಯದು. ಆ ಕಲ್ಲುಗಳಿಗೆ ಹಾಲೆರೆದ ಹೆಂಗಸರಲ್ಲಿ ಎಷ್ಟು ಮಂದಿಯ ರಕ್ತದಲ್ಲಿ ಈ ಪ್ರತಿಕಾಯಗಳಿದ್ದವೋ ಲೆಕ್ಕವಿಟ್ಟವರಿಲ್ಲ. ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ‘ಭಾರ ಎತ್ತಿದಳು, ಕೆಲಸಕ್ಕೆ ಹೋದಳು, ಅವಳ ಕಾಲ್ಗುಣ’ ಎಂಬ ಮಾತುಗಳು ಊರಿನಿಂದ ಬರುವ ಫೋನಿನಲ್ಲಿ ಇಂದಿಗೂ ಕೇಳಿಬರುತ್ತವೆ. ಗರ್ಭ ನಿಲ್ಲದಿರುವುದು ಹೆಂಗಸಿನ ದೋಷವೆಂಬ ಆ ಭಾವನೆಗೂ, ಒಂದು ಕಾಲದಲ್ಲಿ ಸುಳ್ಳು ಪರೀಕ್ಷೆ ಹೊರಿಸಿದ ಕಳಂಕಕ್ಕೂ ಹೆಚ್ಚಿನ ವ್ಯತ್ಯಾಸವನ್ನು ನಾವು ಕಾಣೆವು.

ಎಲ್ಲ ಗರ್ಭಪಾತಗಳಿಗೂ ಈ ಪ್ರತಿಕಾಯಗಳೇ ಕಾರಣವಲ್ಲ; ಒಮ್ಮೆ ಗರ್ಭ ಕಳೆದುಕೊಂಡ ಬಹುಪಾಲು ಹೆಂಗಸರಿಗೆ ಮುಂದೆ ಯಾವ ಚಿಕಿತ್ಸೆಯೂ ಇಲ್ಲದೆ ಮಕ್ಕಳಾಗುತ್ತವೆ. ಆದರೆ ಮೂರು ಬಾರಿ ಗರ್ಭಪಾತವಾಗಿದ್ದರೆ, ಅಥವಾ ಮೂರು ತಿಂಗಳು ದಾಟಿದ ಗರ್ಭ ಒಮ್ಮೆಯಾದರೂ ಹೋಗಿದ್ದರೆ, ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಫಲಿತಾಂಶವು ಖಚಿತವೆನಿಸಬೇಕಾದರೆ ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು.

ಊರಿನಲ್ಲಿ ಆದ ಗರ್ಭಪಾತವನ್ನು ಇಲ್ಲಿಯ ಮಿಡ್‌ವೈಫ್ ಮುಂದೆ ಹೇಳದೆ ಬಿಡುವವರಿದ್ದಾರೆ. ದಯವಿಟ್ಟು ಹೇಳಿ, ಹಳೆಯ ವರದಿಗಳಿದ್ದರೆ ಜೊತೆಗೆ ಒಯ್ಯಿರಿ. ಲೂಪಸ್ ಅಥವಾ ಸಂಧಿವಾತಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಗರ್ಭ ಧರಿಸುವ ಮುನ್ನವೇ ತಜ್ಞರನ್ನು ಕಾಣಬೇಕು. ಮೆಥೊಟ್ರೆಕ್ಸೇಟ್, ಮೈಕೊಫೆನೊಲೇಟ್‌ಗಳಂಥವನ್ನು ಮುಂಚೆಯೇ ನಿಲ್ಲಿಸಬೇಕಾಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಸಾಮಾನ್ಯವಾಗಿ ಮುಂದುವರಿಸಬೇಕಾಗುತ್ತದೆ. ಹೆದರಿಕೆಯಿಂದ ತಾವಾಗಿಯೇ ಮಾತ್ರೆ ಬಿಡುವುದೂ, ಯಾರೋ ಹೇಳಿದರೆಂದು ಆಸ್ಪಿರಿನ್ ಆರಂಭಿಸುವುದೂ ಸಲ್ಲದು.

ಸುಳ್ಳೆಂದು ಎಸೆದುಬಿಡಬಹುದಾಗಿದ್ದ ಒಂದು ಫಲಿತಾಂಶವನ್ನು ಕೆಲವರು ಎಸೆಯದೆ ಇಟ್ಟುಕೊಂಡರು. ತಮ್ಮ ದುಃಖವನ್ನು ಕೆಲವು ತಾಯಂದಿರು ಮುಚ್ಚಿಡದೆ ಹೇಳಿಕೊಂಡರು. ಈ ಚಿಕಿತ್ಸೆಯ ಚರಿತ್ರೆ ಇವೆರಡರಿಂದ ಆದದ್ದು. ಮೊದಲನೆಯದು ವೈದ್ಯರ ಹೊಣೆ. ಎರಡನೆಯದಕ್ಕೆ ಅವಕಾಶ ಮಾಡಿಕೊಡುವುದು ಪ್ರತಿಯೊಂದು ಮನೆಯ ಹೊಣೆ.